ಅಣಬೆಯ ಇಟ್ಟಿಗೆಗೆ ಮಾರುಕಟ್ಟೆ ಯಾವುದು?

2014ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಒಂದು ಕಲಾಸಂಗ್ರಹಾಲಯದ ಅಂಗಳದಲ್ಲಿ ಸುಮಾರು 10,000 ಇಟ್ಟಿಗೆಗಳ ಗೋಪುರವೊಂದು ಎದ್ದು ನಿಂತಿತು. ಅವು ಸುಟ್ಟ ಇಟ್ಟಿಗೆಗಳಲ್ಲ, ಬೆಳೆಸಿದವು. ಮೆಕ್ಕೆಜೋಳದ ದಂಟಿನ ಚೂರಿಗೆ ಶಿಲೀಂಧ್ರದ ಬಿತ್ತನೆ ಬೆರೆಸಿ ಅಚ್ಚಿನಲ್ಲಿಟ್ಟರೆ, ಬೇರಿನಂತಹ ಬಿಳಿ ಎಳೆಗಳು ಕೆಲವೇ ದಿನಗಳಲ್ಲಿ ಚೂರುಗಳನ್ನು ಹೆಣೆದು ಒಂದೇ ಗಟ್ಟಿಯಾಗಿಸುತ್ತವೆ. ಬಿಸಿಯಲ್ಲಿ ಒಣಗಿಸಿದೊಡನೆ ಬೆಳವಣಿಗೆ ನಿಲ್ಲುತ್ತದೆ. ಪ್ರದರ್ಶನ ಮುಗಿದ ಬಳಿಕ ಗೋಪುರವನ್ನು ಬಿಚ್ಚಿ ಗೊಬ್ಬರ ಮಾಡಲಾಯಿತು.

ಇಂತಹ ಚಿತ್ರಗಳನ್ನು ನೋಡಿ ಗೋಡೆ ಇಟ್ಟಿಗೆಯ ವ್ಯಾಪಾರಕ್ಕಿಳಿಯುವ ಸಣ್ಣ ಉದ್ಯಮಿ ಕೈಸುಟ್ಟುಕೊಳ್ಳುವ ಸಂಭವವೇ ಹೆಚ್ಚು. ಭಾರತೀಯ ಮಾನಕದಂತೆ ಸುಟ್ಟ ಇಟ್ಟಿಗೆಯ ಅತಿ ಕೆಳದರ್ಜೆಯೂ ಚದರ ಮಿಲಿಮೀಟರಿಗೆ 3.5 ನ್ಯೂಟನ್ ಒತ್ತಡವನ್ನು ತಾಳಬೇಕು. ಅಚ್ಚಿನಲ್ಲಿ ಬರಿದೆ ಬೆಳೆಸಿದ ಗಟ್ಟಿ ಸಾಮಾನ್ಯವಾಗಿ 1 ನ್ಯೂಟನ್ನನ್ನೂ ಮುಟ್ಟದು. ಮೇಲಾಗಿ ನೀರು ಹೀರುತ್ತದೆ. ನಮೀಬಿಯದಲ್ಲಿ ಮೊದಲು ಅಣಬೆ ಕೊಯ್ದು, ಉಳಿದುದನ್ನು ಯಂತ್ರದಲ್ಲಿ ಒತ್ತಿ, ಕಾಯಿಸಿ ಮನೆ ಕಟ್ಟುವ ಗಟ್ಟಿ ಮಾಡಿರುವುದುಂಟು. ಆದರೆ ಅಲ್ಲಿ ಬಂಡವಾಳದ ಲೆಕ್ಕವೇ ಬೇರೆ.

ಈ ವಸ್ತುವಿನ ನಿಜವಾದ ಗುಣ ಹಗುರತನ, ಶಾಖ ಮತ್ತು ಶಬ್ದಗಳನ್ನು ತಡೆಯುವ ಶಕ್ತಿ. ಅದರ ಪ್ರತಿಸ್ಪರ್ಧಿ ಇಟ್ಟಿಗೆಯಲ್ಲ, ಥರ್ಮೋಕೋಲ್. 2007ರಲ್ಲಿ ಆರಂಭವಾದ ಅಮೆರಿಕದ ಇಕೋವೇಟಿವ್ ಸಂಸ್ಥೆಯು ಕಟ್ಟಡದ ಶಾಖನಿರೋಧಕ ಹಲಗೆಯಿಂದ ಹೊರಟು, ಗಿರಾಕಿಗಳನ್ನು ಕಂಡುಕೊಂಡದ್ದು ಪ್ಯಾಕಿಂಗ್ ಸಾಮಗ್ರಿಯಲ್ಲಿ. ಇಟಲಿಯ ಮೋಗು ಸಂಸ್ಥೆ ಮಾರುವುದು ಸದ್ದು ಹೀರುವ ಒಳಗೋಡೆಯ ಫಲಕಗಳನ್ನು. ಕಚೇರಿ, ಸಭಾಂಗಣ, ಧ್ವನಿಮುದ್ರಣ ಕೊಠಡಿಗಳ ಒಳಾಲಂಕಾರ ಗುತ್ತಿಗೆದಾರರೇ ನಮ್ಮಲ್ಲಿಯೂ ಮೊದಲ ಗಿರಾಕಿಗಳಾಗಬಲ್ಲರು.

ಕಚ್ಚಾವಸ್ತು ಪುಕ್ಕಟೆ ಎಂಬ ಮಾತನ್ನೂ ನಂಬಲಾಗದು. ಅಕ್ಕಿ ಗಿರಣಿಗಳ ಹಿತ್ತಿಲಲ್ಲಿ ರಾಶಿ ಬಿದ್ದಿರುತ್ತಿದ್ದ ಹೊಟ್ಟು ಬಾಯ್ಲರುಗಳಿಗೆ ಇಂಧನವಾದೊಡನೆ ದರ ಪಡೆದ ಕಥೆಯನ್ನು ವರ್ತಕರಿಗೆ ಹೇಳಿಕೊಡಬೇಕಿಲ್ಲ. ಅದಕ್ಕಿಂತ ದೊಡ್ಡ ವೆಚ್ಚ ಕಾಲದ್ದು. ಥರ್ಮೋಕೋಲ್ ಅಚ್ಚು ನಿಮಿಷಗಳಲ್ಲಿ ಖಾಲಿಯಾಗುತ್ತದೆ. ಇಲ್ಲಿ ಒಂದು ಅಚ್ಚು ಹೆಚ್ಚುಕಡಿಮೆ ವಾರಕಾಲ ಕಟ್ಟಿಬೀಳುತ್ತದೆ. ದಿನಕ್ಕೆ ನೂರು ಫಲಕ ಬೇಕೆಂದರೆ ಆರೇಳು ನೂರು ಅಚ್ಚುಗಳೂ ಅವನ್ನಿಡಲು ಶುಚಿಯಾದ ಕೊಠಡಿಯೂ ಬೇಕು. ಬೇರೆ ಬೂಷ್ಟು ಹತ್ತಿದರೆ ಇಡೀ ಸರಕೇ ನಷ್ಟ. ಸಾಲದ ಅರ್ಜಿಯಲ್ಲಿ ಯಂತ್ರದ ಬೆಲೆಯಷ್ಟೇ ಬರೆದು ಇದನ್ನು ಬಿಟ್ಟವರ ದುಡಿಯುವ ಬಂಡವಾಳ ಮೊದಲ ತ್ರೈಮಾಸಿಕದಲ್ಲಿಯೇ ಬರಿದಾದೀತು.

ಅಣಬೆ ಬಿತ್ತನೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ದೊರೆಯುತ್ತದೆ. ತೆಂಗಿನ ನಾರಿನ ಪುಡಿ, ಅಡಿಕೆ ಸಿಪ್ಪೆ, ಕಾಫಿ ಹೊಟ್ಟುಗಳನ್ನು ಪ್ರಯೋಗಿಸಿ ನೋಡಬಹುದು. ಆದರೆ ಗುತ್ತಿಗೆದಾರರು ಮೊದಲು ಕೇಳುವುದು ಬೆಂಕಿ, ತೇವ, ಶಬ್ದಗಳ ಪರೀಕ್ಷಾ ವರದಿಯನ್ನು. ಆ ವೆಚ್ಚ ಒಂಟಿ ಘಟಕಕ್ಕೆ ಭಾರವೇ ಸರಿ. ನಾಲ್ಕೈದು ಘಟಕಗಳು ಒಂದೇ ಅಳತೆ, ಒಂದೇ ಮಿಶ್ರಣವನ್ನು ಒಪ್ಪಿ ಜಂಟಿಯಾಗಿ ಪರೀಕ್ಷೆ ಮಾಡಿಸುವುದು, ಅಚ್ಚುಗಳಿಗೆ ಹಣ ಹೂಡುವ ಮುನ್ನವೇ ಆಗಬೇಕಾದ ಕೆಲಸ.