ಹೊಸ್ತಿಲ ಮೇಲಣ ದೀಪ



ಶಾಸ್ತ್ರಕಾರರಲ್ಲಿ ದೇಹಲೀದೀಪನ್ಯಾಯವೆಂಬುದೊಂದುಂಟು. ಹೊಸ್ತಿಲ ಮೇಲಿಟ್ಟ ಹಣತೆಯು ಒಳಮನೆಗೂ ಹೊರಜಗುಲಿಗೂ ಏಕಕಾಲದಲ್ಲಿ ಬೆಳಕನ್ನೀಯುವಂತೆ, ವಾಕ್ಯದ ನಡುವೆ ನಿಂತ ಒಂದೇ ಪದವು ಹಿಂದಣ ಮಾತಿಗೂ ಮುಂದಣ ಮಾತಿಗೂ ಅನ್ವಯಿಸುವುದಕ್ಕೆ ಈ ಹೆಸರು. ಎರಡು ಭಾಷೆಗಳ ನಡುವೆ ನಿಂತು ಉಭಯತ್ರರಿಗೂ ಅರ್ಥವನ್ನು ಬೆಳಗಿಸುವ ದುಭಾಷಿಗೆ ಇದಕ್ಕಿಂತ ಒಪ್ಪುವ ಉಪಮೆಯು ನಮಗೆ ತೋರದು. ಪರದೇಶದಲ್ಲಿ ಓದಿ ಪದವಿ ಪಡೆದ ನಮ್ಮ ತರುಣ ತರುಣಿಯರು ಅನುವಾದಕರಾಗಿಯೋ ದುಭಾಷಿಗಳಾಗಿಯೋ ಅಲ್ಲಿಯೇ ಉದ್ಯೋಗವನ್ನು ಸಂಪಾದಿಸಿಕೊಳ್ಳುವುದು ಹೇಗೆ, ಅದರಲ್ಲಿ ಅಪಾಯವೆಲ್ಲಿ, ಮನೆಯವರ ಹೊಣೆಯೇನು ಎಂಬುದನ್ನು ಈ ತಿಂಗಳು ವಿಚಾರಿಸೋಣ. ಎಲ್ಲ ದೇಶಗಳ ಸಂಗತಿಯನ್ನೂ ಒಂದೇ ಲೇಖನದಲ್ಲಿ ಅಡಗಿಸುವುದು ಶಕ್ಯವಲ್ಲ. ಅನ್ನ ಬೆಂದಿತೇ ಎಂದು ನೋಡಲು ಒಂದು ಅಗುಳನ್ನು ಹಿಚುಕಿ ನೋಡುವಂತೆ, ಜಪಾನ್ ದೇಶವೊಂದನ್ನೇ ಇಲ್ಲಿ ಎತ್ತಿಕೊಂಡಿದ್ದೇವೆ.

ಪರದೇಶದಲ್ಲಿ ಓದಿದವನು ಅನುವಾದಕನಾಗುವುದು ಹೊಸ ಸಂಗತಿಯೇನೂ ಅಲ್ಲ. ಚೀನದಿಂದ ಬಂದು ನಾಲಂದದಲ್ಲಿ ವಿದ್ಯಾರ್ಥಿಯಾಗಿದ್ದ ಹ್ಯೂಯೆನ್ ತ್ಸಾಂಗನು ಕ್ರಿ. ಶ. ೬೪೫ರಲ್ಲಿ ಸ್ವದೇಶಕ್ಕೆ ಹಿಂದಿರುಗಿ, ೬೬೪ರಲ್ಲಿ ಮೃತನಾಗುವವರೆಗೂ ಸಂಸ್ಕೃತ ಗ್ರಂಥಗಳನ್ನು ಚೀನೀ ಭಾಷೆಗೆ ತರುವುದರಲ್ಲಿಯೇ ಆಯುಸ್ಸನ್ನು ಕಳೆದನು. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ವರ್ಣಿಸಿದವನೆಂದು ನಮ್ಮ ಶಾಲೆಯ ಮಕ್ಕಳೂ ಅವನನ್ನು ಬಲ್ಲರು. ೬೫೩ರಲ್ಲಿ ಜಪಾನಿನಿಂದ ಹೊರಟ ದೋಷೋ ಎಂಬ ಭಿಕ್ಷುವು ಚೀನದಲ್ಲಿ ಇವನಿಗೇ ಶಿಷ್ಯನಾದನು. ಜಪಾನೀ ಅಕ್ಷರಮಾಲೆಯು ಇಂದಿಗೂ ಅ, ಇ, ಉ, ಎ, ಒ ಎಂದು ತೊಡಗಿ, ಬಳಿಕ ಕಕಾರದಿಂದ ಮುಂದಕ್ಕೆ ನಡೆಯುವುದು ನಮ್ಮ ವರ್ಣಮಾಲೆಯ ಪ್ರಭಾವದಿಂದಲೇ ಎಂದು ವಿದ್ವಾಂಸರ ಅಭಿಪ್ರಾಯ. ಆದಕಾರಣ ಆ ದೇಶದ ಭಾಷೆಯನ್ನು ನಮ್ಮವರು ತೀರ ಹೊರಗಿನದೆಂದು ಅಂಜಬೇಕಾಗಿಲ್ಲ.

ಅದರಲ್ಲಿಯೂ ಕನ್ನಡಿಗರಿಗೆ ಒಂದು ವಿಶೇಷ ಸೌಕರ್ಯವುಂಟು. ಕರ್ತೃ, ಕರ್ಮ, ಕೊನೆಗೆ ಕ್ರಿಯೆ, ಈ ನಮ್ಮ ವಾಕ್ಯಕ್ರಮವೇ ಜಪಾನಿಯರದೂ ಹೌದು. ನಮ್ಮ ವಿಭಕ್ತಿ ಪ್ರತ್ಯಯಗಳಂತೆಯೇ ಅವರಲ್ಲಿಯೂ ಸಂಬಂಧಸೂಚಕಗಳು ನಾಮಪದದ ಹಿಂದೆ ಬಂದು ಅಂಟುತ್ತವೆ. ಹಿರಿಯರೊಡನೆ ಆಡುವ ಮಾತು ಬೇರೆ, ಓರಗೆಯವರೊಡನೆ ಆಡುವ ಮಾತು ಬೇರೆ ಎಂಬ ವಿವೇಕವು ಎರಡು ಕಡೆಯೂ ಸಮಾನ. "ನಾಳೆ ಸಭೆಗೆ ಬರುವುದಕ್ಕೆ ಆಗುವುದಿಲ್ಲ" ಎಂಬಲ್ಲಿ ನಿಷೇಧವು ಕಟ್ಟಕಡೆಗೆ ಬರುವುದಷ್ಟೆ? ಜಪಾನಿಯಲ್ಲಿಯೂ ಹಾಗೆಯೇ. ಇಂಗ್ಲಿಷಿಗೆ ತಿರುಗಿಸುವವನಾದರೋ ಆ ಕಡೆಯ ಪದಕ್ಕಾಗಿ ಉಸಿರು ಬಿಗಿಹಿಡಿದು ಕಾಯಬೇಕಾಗುತ್ತದೆ. ಇನ್ನು ವ್ಯವಹಾರದಲ್ಲಿ ಜಪಾನಿಯು "ಕೆಂತೋ ಶಿಮಾಸು" ಎನ್ನುತ್ತಾನೆ. ಪರಿಶೀಲಿಸುತ್ತೇವೆ ಎಂಬುದು ಅದರ ಪದಾರ್ಥ. ಆದರೆ ಎಷ್ಟೋ ವೇಳೆ ಅದು ವಿನಯದ ನಿರಾಕರಣೆ. ಹೆಣ್ಣು ನೋಡಿ ಹೋದ ಬೀಗರು "ನೋಡೋಣ, ತಿಳಿಸುತ್ತೇವೆ" ಎಂದರೆ ಅದರ ಅರ್ಥವೇನಿರಬಹುದೆಂದು ನಮ್ಮ ಮನೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಸೂಕ್ಷ್ಮವನ್ನು ಗ್ರಹಿಸುವವನೇ ನಿಜವಾದ ದುಭಾಷಿ.

ಆದರೆ ಭಾಷಾಜ್ಞಾನವೇ ವೃತ್ತಿಜ್ಞಾನವಲ್ಲ. ೧೯೮೪ರಲ್ಲಿ ಆರಂಭವಾದ ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಗೆ ೨೦೧೦ರಿಂದ ಐದು ಮೆಟ್ಟಿಲುಗಳಿವೆ; ಎನ್-೧ ಎಂಬುದು ಎಲ್ಲಕ್ಕಿಂತ ಮೇಲಿನದು. ನಮ್ಮ ಬೆಂಗಳೂರಿನಲ್ಲಿಯೂ ಅದು ನಡೆಯುತ್ತದೆ. ಅದು ಶ್ರಮಸಾಧ್ಯವಾದ ಪರೀಕ್ಷೆಯೆಂಬುದು ನಿರ್ವಿವಾದ. ಆದರೂ ಅದರಲ್ಲಿ ಓದುವುದನ್ನೂ ಕೇಳುವುದನ್ನೂ ಅಳೆಯುವರೇ ಹೊರತು, ಬಾಯಿಬಿಟ್ಟು ಮಾತನಾಡಿಸುವುದಿಲ್ಲ, ಒಂದು ಪತ್ರವನ್ನೂ ಬರೆಯಿಸುವುದಿಲ್ಲ. ಮೂವತ್ತೈದು ವರ್ಷ ಪಾಠ ಹೇಳಿದ ನಾವು, ಶಬ್ದರೂಪಗಳನ್ನು ತಡೆಯಿಲ್ಲದೆ ಒಪ್ಪಿಸಿ, "ನಿನ್ನ ಊರು ಯಾವುದು" ಎಂದು ಸಂಸ್ಕೃತದಲ್ಲಿ ಕೇಳಿದರೆ ನಾಲಗೆ ಕಚ್ಚುವ ಮಕ್ಕಳನ್ನು ಬಹಳ ಮಂದಿ ಕಂಡವರು. ದುಭಾಷಿಯಾಗಬೇಕೆಂಬವನು ಇನ್ನೊಬ್ಬನ ಮಾತನ್ನು ನೆರಳಿನಂತೆ ಹಿಂಬಾಲಿಸಿ ನುಡಿಯುವ ಸಾಧನೆಯನ್ನು ಮಾಡಬೇಕು. ದೀರ್ಘಭಾಷಣವನ್ನು ನಾಲ್ಕು ಗುರುತುಗಳಲ್ಲಿ ಬರೆದಿಟ್ಟುಕೊಂಡು ಮತ್ತೆ ಬಿಡಿಸಿ ಹೇಳುವುದನ್ನು ಕಲಿಯಬೇಕು. ವಕ್ತೃವು ನುಡಿಯುತ್ತಿರುವಾಗಲೇ ತಾನೂ ನುಡಿಯುವ ಏಕಕಾಲಿಕ ಭಾಷಾಂತರವು ಇನ್ನೂ ಕಠಿನ. ಪಳಗಿದವರೂ ಇಬ್ಬರು ಮೂವರು ಜೊತೆಗೂಡಿ, ಕಾಲು ಗಂಟೆಗೋ ಇಪ್ಪತ್ತು ನಿಮಿಷಕ್ಕೋ ಸರದಿ ಬದಲಾಯಿಸಿಕೊಂಡೇ ಅದನ್ನು ನಡೆಸುತ್ತಾರೆ. ಇದರ ಮೇಲೆ ಯಂತ್ರವಿದ್ಯೆ, ಔಷಧ, ಕಾನೂನು, ಲೆಕ್ಕಪತ್ರ ಇವುಗಳಲ್ಲಿ ಯಾವುದಾದರೊಂದು ವಿಷಯದ ಒಳಗನ್ನು ಬಲ್ಲವನಾಗಿರಬೇಕು. ಈಗ ಯಂತ್ರವೇ ಅನುವಾದದ ಮೊದಲ ಕರಡನ್ನು ಕ್ಷಣದಲ್ಲಿ ಮಾಡಿಕೊಡುವ ಕಾಲ ಬಂದಿರುವುದರಿಂದ, ಬರಿಯ ಪದಕ್ಕೆ ಪದ ಜೋಡಿಸುವವನಿಗೆ ಬೆಲೆ ಇಳಿದಿದೆ. ಕರಡಿನಲ್ಲಿ ಅಡಗಿರುವ ತಪ್ಪನ್ನು ವಿಷಯಜ್ಞಾನದಿಂದ ಹಿಡಿಯಬಲ್ಲವನೇ ಉಳಿಯುತ್ತಾನೆ.

ಇನ್ನು ರಾಜಶಾಸನದ ಮಾತು. ವಿದ್ಯಾರ್ಥಿಯಾಗಿ ಜಪಾನಿನಲ್ಲಿರುವವನು ಪ್ರತ್ಯೇಕ ಅಪ್ಪಣೆಯನ್ನು ಪಡೆದು ಸಾಮಾನ್ಯವಾಗಿ ವಾರಕ್ಕೆ ೨೮ ಗಂಟೆಗಳ ಮಿತಿಯೊಳಗೆ ಮಾತ್ರ ಸಂಬಳದ ಕೆಲಸ ಮಾಡಬಹುದು. ಪದವಿಯ ತರುವಾಯ ಕೆಲಸ ಹುಡುಕುವುದಕ್ಕೆಂದು ಆರು ತಿಂಗಳ ಅನುಮತಿಯೂ, ವಿದ್ಯಾಲಯದ ಶಿಫಾರಸು ಮೊದಲಾದವುಗಳಿದ್ದಲ್ಲಿ ಮತ್ತೆ ಆರು ತಿಂಗಳೂ ದೊರೆಯಬಹುದು. ಅಂತು ಒಂದು ವರ್ಷ. ಅನುವಾದಕ, ದುಭಾಷಿ, ಭಾಷಾಬೋಧಕ ಈ ಮೂವರಿಗೂ ಎಂಜಿನಿಯರುಗಳಿಗೂ ಒಂದೇ ವರ್ಗದ ಉದ್ಯೋಗಾನುಮತಿಯುಂಟು. ಅಂತಾರಾಷ್ಟ್ರೀಯ ಸೇವೆಯ ಇತರ ಕೆಲಸಗಳಿಗೆ ಮೂರು ವರ್ಷಗಳ ಅನುಭವ ಬೇಕೆಂದು ವಿಧಿಯಿದ್ದರೂ, ವಿಶ್ವವಿದ್ಯಾಲಯದ ಪದವೀಧರನು ಈ ಮೂರು ಕೆಲಸಗಳನ್ನು ಹಿಡಿಯುವಲ್ಲಿ ಆ ವಿಧಿಯಿಂದ ಮುಕ್ತನು. ಆದರೆ ಆ ದೇಶದ ಒಂದು ಸಂಸ್ಥೆಯೊಡನೆ ಒಪ್ಪಂದವಾಗಿರಬೇಕು. ಅದೇ ಕೆಲಸಕ್ಕೆ ಜಪಾನಿಯನಿಗೆ ಕೊಡುವುದಕ್ಕಿಂತ ಸಂಬಳವು ಕಡಮೆಯಾಗಿರಕೂಡದು. ಮನೆಯಲ್ಲಿ ಕುಳಿತು ಬಿಡಿಬಿಡಿಯಾಗಿ ಅನುವಾದ ಮಾಡಿಕೊಡುತ್ತೇನೆಂಬವನಿಗೆ, ಆತನು ಎಷ್ಟೇ ನಿಪುಣನಾಗಿರಲಿ, ಆರಂಭದಲ್ಲಿ ಈ ಅನುಮತಿಯು ಕಷ್ಟಸಾಧ್ಯ.

ಅಪಾಯವಿರುವುದು ಇಲ್ಲಿಯೇ. ಅವಧಿಯು ಮುಗಿಯುತ್ತ ಬಂದಂತೆ ವಿದ್ಯಾರ್ಥಿಯ ಎದೆಗುಂದುವುದು ಸಹಜ. ಆಗ ಯಾವನಾದರೂ ಬಂದು, "ಕಾಗದದಲ್ಲಿ ದುಭಾಷಿಯೆಂದು ಬರೆಯೋಣ, ಕೆಲಸವನ್ನು ಆಮೇಲೆ ನೋಡಿಕೊಳ್ಳೋಣ" ಎಂದರೆ ಅದು ಅಮೃತದಂತೆ ಕೇಳಿಸುತ್ತದೆ. ಮರುದಿನದಿಂದ ಆ ದುಭಾಷಿಯು ಹೋಟೆಲಿನ ಹಾಸಿಗೆ ಹೊದಿಸುತ್ತಲೋ ಡಬ್ಬಿಗಳನ್ನು ಕಟ್ಟುತ್ತಲೋ ಇರುತ್ತಾನೆ. ಆ ಕೆಲಸಗಳು ಹೀನವೆಂದು ನಾವು ಹೇಳುತ್ತಿಲ್ಲ. ದುಡಿದು ತಿನ್ನುವ ಯಾವ ಕೆಲಸವೂ ಹೀನವಲ್ಲ. ಆದರೆ ಅನುಮತಿಯಲ್ಲಿ ಬರೆದುದೊಂದು, ಮಾಡುವುದೊಂದು ಆದರೆ ಅದು ಅಪರಾಧವಾಗುತ್ತದೆ. ಅನುಮತಿಯು ನವೀಕರಣವಾಗದೆ ಹೋಗಬಹುದು, ದೇಶವನ್ನೇ ಬಿಡಬೇಕಾಗಿ ಬರಬಹುದು. ಹೋಟೆಲಿನ ಮುಂಗಟ್ಟೆಯಲ್ಲಿ ನಿಂತು ಪರದೇಶೀಯರೊಡನೆ ವ್ಯವಹರಿಸುವುದು ಸಲ್ಲುತ್ತದೆ, ಕೊಠಡಿಗಳನ್ನು ಗುಡಿಸುವುದೇ ಮುಖ್ಯ ಕೆಲಸವಾದರೆ ಸಲ್ಲದು ಎಂದು ಅಲ್ಲಿಯ ವಲಸೆ ಇಲಾಖೆಯು ಸ್ಪಷ್ಟಪಡಿಸಿದೆ. ದುಭಾಷಿಗೆ ದಿನಪೂರ್ತಿ ಕೆಲಸವೇ ಇಲ್ಲದ ಸಂಸ್ಥೆಯಾದರೆ ಅರ್ಜಿಯೇ ತಿರಸ್ಕೃತವಾಗಬಹುದು. ೨೦೧೯ರಿಂದ ಇನ್ನೊಂದು ಮಾರ್ಗವೂ ತೆರೆದಿದೆ: ಜಪಾನಿನ ವಿಶ್ವವಿದ್ಯಾಲಯದಲ್ಲಿಯೇ ಪದವಿ ಪಡೆದು ಎನ್-೧ ತೇರ್ಗಡೆಯಾದವರು, ಜಪಾನೀ ಭಾಷೆಯನ್ನು ಚೆನ್ನಾಗಿ ಬಳಸಬೇಕಾದ ಕೆಲಸದ ಜೊತೆಯಲ್ಲಿ ಅಂಗಡಿ, ಕಾರ್ಖಾನೆಗಳ ಕೈಕೆಲಸವನ್ನೂ ಮಾಡಬಹುದು; ಕೈಕೆಲಸ ಮಾತ್ರವೇ ಆದರೆ ಅದೂ ಸಲ್ಲದು. ಆದುದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ, "ಯಾರ ಮಾತನ್ನು ಯಾರಿಗೆ, ದಿನಕ್ಕೆ ಎಷ್ಟು ಹೊತ್ತು ತಿಳಿಸಬೇಕು?" ಎಂಬ ಪ್ರಶ್ನೆಯನ್ನು ಕೇಳಲೇಬೇಕು. ಉತ್ತರ ಕೊಡಲು ತಡವರಿಸುವ ಯಜಮಾನನಿಂದ ದೂರ ಸರಿಯುವುದೇ ಕ್ಷೇಮ. ಅನುಮತಿಯ ನಿಯಮಗಳು ಆಗಾಗ ಬದಲಾಗುವವಾದ್ದರಿಂದ, ಸ್ನೇಹಿತರ ಮಾತನ್ನು ನೆಚ್ಚದೆ ಇಲಾಖೆಯಲ್ಲಿಯೇ ವಿಚಾರಿಸತಕ್ಕದ್ದು.

ತಾಯಿತಂದೆಗಳಲ್ಲಿಯೂ ನಮ್ಮದೊಂದು ಬಿನ್ನಹವುಂಟು. ಹೊಲವನ್ನೋ ಒಡವೆಯನ್ನೋ ಅಡವಿಟ್ಟು ಮಗಳನ್ನು ಓದಿಸಿದವರಿಗೆ ಸಾಲದ ಚಿಂತೆ ಇದ್ದೇ ಇರುತ್ತದೆ. "ಹೇಗಾದರೂ ಮಾಡಿ ಅಲ್ಲಿಯೇ ನಿಲ್ಲು, ಸಿಕ್ಕಿದ್ದನ್ನು ಹಿಡಿ" ಎಂದು ಅವರು ಹೇಳುವುದು ದುರಾಶೆಯಿಂದಲ್ಲ, ಸಂಕಟದಿಂದ. ಆದರೆ ಈ ಮಾತೇ ಎಳೆಯರನ್ನು ಸುಳ್ಳು ಕಾಗದದ ಕಡೆಗೆ ನೂಕುತ್ತದೆಂಬುದನ್ನು ಅವರು ಮನಗಾಣಬೇಕು. ಒಂದು ವರ್ಷದ ಸಂಬಳಕ್ಕಾಗಿ ಹತ್ತು ವರ್ಷದ ಬಾಳನ್ನು ಪಣವೊಡ್ಡುವುದು ವಿವೇಕವಲ್ಲ. "ಏನು ಕೆಲಸ ಮಾಡುತ್ತೀಯೆ, ಮಗು?" ಎಂದು ಕೇಳಿರಿ, "ಎಷ್ಟು ಕಳುಹಿಸುತ್ತೀಯೆ?" ಎಂಬ ಪ್ರಶ್ನೆಯು ಅದರ ಹಿಂದೆ ಬರಲಿ.

ಹಾಗಾದರೆ ನೇರವಾದ ದಾರಿ ಯಾವುದು? ಜಪಾನಿನಲ್ಲಿ ಹೊಸ ಪದವೀಧರರು ಏಪ್ರಿಲ್ ತಿಂಗಳಲ್ಲಿ ಕೆಲಸಕ್ಕೆ ಸೇರುವುದು ವಾಡಿಕೆ. ಅವರನ್ನು ಆರಿಸುವ ಸಂಭ್ರಮವು ಅದಕ್ಕೆ ಒಂದು ವರ್ಷ ಮೊದಲೇ ತೊಡಗುತ್ತದೆ. ಪದವಿ ಕೈಗೆ ಬಂದ ಮೇಲೆ ಹುಡುಕುತ್ತೇನೆಂಬವನು ಹದ ಕಳೆದ ಮೇಲೆ ಬಿತ್ತಹೊರಟ ರೈತನಂತೆ. ಟೋಕಿಯೋ, ನಗೋಯಾ, ಒಸಾಕಾ, ಫುಕುವೋಕಾ ನಗರಗಳಲ್ಲಿ ಪರದೇಶೀಯ ವಿದ್ಯಾರ್ಥಿಗಳಿಗೂ ಪದವೀಧರರಿಗೂ ಶುಲ್ಕವಿಲ್ಲದೆ ನೆರವಾಗುವ ಸರಕಾರೀ ಉದ್ಯೋಗ ಕೇಂದ್ರಗಳಿವೆ. ೧೯೮೫ರಲ್ಲಿ ಸ್ಥಾಪಿತವಾದ ಜಪಾನ್ ಅನುವಾದಕರ ಸಂಘವು ಪಳಗಿದವರ ಪರಿಚಯಕ್ಕೆ ಒಳ್ಳೆಯ ಸ್ಥಳ. ಪ್ರವಾಸಿಗಳಿಗೆ ದಾರಿ ತೋರುವ ದುಭಾಷಿಗಳಿಗಾಗಿ ೧೯೪೯ರ ಕಾನೂನಿನಂತೆ ರಾಷ್ಟ್ರೀಯ ಪರೀಕ್ಷೆಯೊಂದುಂಟು. ೨೦೧೮ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ, ಆ ಪರೀಕ್ಷೆಯಿಲ್ಲದೆಯೂ ಪ್ರವಾಸಿಗಳ ಸೇವೆ ಮಾಡಬಹುದಾಗಿದೆ. ಆದರೆ ತೇರ್ಗಡೆಯಾದವರ ಬಿರುದನ್ನು ಇತರರು ಧರಿಸುವಂತಿಲ್ಲ.

ಅಲ್ಲಿ ಕೆಲಸ ದೊರೆಯದೆ ಊರಿಗೆ ಮರಳಿದರೆ ಅದು ಸೋಲೆಂದು ಯಾರೂ ತಿಳಿಯಬೇಕಾಗಿಲ್ಲ. ೧೯೯೭ರಲ್ಲಿ ಸ್ಥಾಪಿತವಾದ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯ ಮೋಟಾರು ಕಾರ್ಖಾನೆಯು ನಮ್ಮ ಬಿಡದಿಯಲ್ಲಿಯೇ ಇದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾ ಸಂಸ್ಥೆಯ ಕಾರ್ಖಾನೆಯಿದೆ. ಜಪಾನಿನಿಂದ ಬಂದ ಎಂಜಿನಿಯರನಿಗೂ ನಮ್ಮ ಹಳ್ಳಿಯಿಂದ ಬಂದ ಕೆಲಸಗಾರನಿಗೂ ನಡುವೆ ನಿಂತು, ಯಂತ್ರದ ಮರ್ಮವನ್ನು ಕನ್ನಡದಲ್ಲಿಯೇ ತಿಳಿಸಬಲ್ಲವನ ಬೆಲೆಯನ್ನು ಹೇಳಬೇಕೆ? ಅಲ್ಲಿ ಒಂದು ಮಾತು ತಪ್ಪಾಗಿ ತಲಪಿದರೆ ಒಬ್ಬನ ಕೈಬೆರಳೇ ಹೋಗಬಹುದು.

ಕಡೆಗೆ ವೃತ್ತಿಧರ್ಮದ ಒಂದು ಮಾತು. ದುಭಾಷಿಯು ತನ್ನದನ್ನು ಸೇರಿಸಬಾರದು, ಕೇಳಿದ್ದನ್ನು ನುಂಗಬಾರದು, ಒಳಗಿನ ಗುಟ್ಟನ್ನು ಹೊರಗೆ ಒಯ್ಯಬಾರದು. ಅರ್ಥವಾಗದಿದ್ದರೆ ನಾಚದೆ ಮತ್ತೆ ಕೇಳಬೇಕು. ಇಬ್ಬರ ಮಾತನ್ನೂ ನಿಜವಾಗಿ ತಿಳಿಸುವುದೇ ಕಸುಬಾದವನು, ತನ್ನ ಉದ್ಯೋಗದ ಕಾಗದದಲ್ಲಿಯೇ ಸುಳ್ಳನ್ನು ಬರೆಯಿಸಿಕೊಂಡು ಆ ಕಸುಬಿಗೆ ಕಾಲಿಡುವುದು ಹೇಗೆ ಒಪ್ಪೀತು? ಪರದೇಶಗಳಲ್ಲಿ ಓದುತ್ತಿರುವ ನಮ್ಮ ಮನೆಗಳ ಮಕ್ಕಳೆಲ್ಲರೂ ತಮ್ಮ ಹೆಸರಿಗೆ ಒಪ್ಪುವ ಕೆಲಸವನ್ನೂ, ಕೆಲಸಕ್ಕೆ ಒಪ್ಪುವ ಹೆಸರನ್ನೂ ಪಡೆದು ಸುಖವಾಗಿರಲೆಂದು ಹಾರೈಸುತ್ತೇವೆ. ಅಲಮತಿವಿಸ್ತರೇಣ.