ಅನಾನಸ್ ಸಿಪ್ಪೆಗೂ ಲೆಕ್ಕ ಬೇಡವೇ?

ದರ ಬಿದ್ದರೆ ಬನವಾಸಿ ಕಡೆಯ ಅನಾನಸ್ ಹೊಲದಲ್ಲೇ ಕೊಳೆಯುತ್ತದೆ. ಜಾಮ್ ಮಾಡಿದರೂ ಸಿಪ್ಪೆ ತಿಪ್ಪೆಗೇ. ಆದರೆ ಆ ಸಿಪ್ಪೆಯಲ್ಲಿ ಮಾಂಸ ಮೆದು ಮಾಡಲು, ಬಾವಿನ ಔಷಧಿಗೆ ಬಳಸುವ ಬ್ರೊಮೆಲೈನ್ ಎಂಬ ಕಿಣ್ವ ಉಂಟು.

ಎಣ್ಣೆ-ನೀರು ಬೇರೆ ನಿಲ್ಲುವುದು ಗೊತ್ತು. ನೀರೇ ಎರಡು ಪದರವಾದರೆ? ಪಾಲಿಎಥಿಲೀನ್ ಗ್ಲೈಕಾಲ್, ಫಾಸ್ಫೇಟ್ ಲವಣ ಎರಡನ್ನೂ ತಕ್ಕ ಪ್ರಮಾಣದಲ್ಲಿ ನೀರಿಗೆ ಹಾಕಿದರೆ ಹಾಗೇ ಆಗುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಅನಾನಸ್ಸಿನಲ್ಲಿ ಇದನ್ನು ಮಾಡಿ 2008ರಲ್ಲಿ ಪ್ರಕಟಿಸಿದ್ದಾರೆ. ಬ್ರೊಮೆಲೈನ್ ಮೇಲಿನ ಪದರಕ್ಕೆ, ಹಣ್ಣು ಕಪ್ಪಾಗಿಸುವ ಕಿಣ್ವ ಕೆಳಗೆ!

ಪರೀಕ್ಷೆಗೆ ಸಣ್ಣ ಗಾಜಿನ ನಳಿಗೆ ಸಾಕು. ಕಾರ್ಖಾನೆ ಮಾತು ಆಮೇಲೆ. ಮೊದಲು ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಹಕಾರಿ ಸಂಘಗಳು ನಮ್ಮ ಸಿಪ್ಪೆಯ ಪರೀಕ್ಷೆ ಮಾಡಿಸಲಿ. ಎಷ್ಟಿದೆ ಅಂತ ಗೊತ್ತಿಲ್ಲದೆ ದರ ಕೇಳೋದು ಹೇಗೆ?