ಕೆಮ್ಮಿದರೆ ಸೋರುವುದು, ಬಾಗಿಲಲ್ಲೇ ಸೋರುವುದು

ಮದುವೆಮನೆಗೆ ಹೋದೊಡನೆ ಶೌಚಾಲಯ ಎಲ್ಲಿದೆಯೆಂದು ನೋಡಿಟ್ಟುಕೊಳ್ಳುವ, ಬಸ್ ಪ್ರಯಾಣದ ದಿನ ನೀರೇ ಕುಡಿಯದ ಹೆಂಗಸರು ನಮ್ಮ ನಡುವೆ ಬಹಳ. "ಎರಡು ಹೆರಿಗೆ ಆದಮೇಲೆ ಇದೆಲ್ಲ ಇದ್ದದ್ದೇ" ಎಂದು ಸುಮ್ಮನಾಗುತ್ತಾರೆ. ಸುಮ್ಮನಿರಬೇಕಿಲ್ಲ.

ಚಿಕಿತ್ಸೆ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಮೂತ್ರ ಯಾವಾಗ ಸೋರುತ್ತದೆ? ಕೆಮ್ಮಿದಾಗ, ಸೀನಿದಾಗ, ಕೊಡ ಎತ್ತಿದಾಗ ಸೋರಿದರೆ ಮೂತ್ರನಾಳಕ್ಕೆ ಆಸರೆಯಾದ ಸ್ನಾಯುಗಳು ಸಡಿಲಗೊಂಡಿವೆ ಎಂದರ್ಥ. ತಟಕ್ಕನೆ ಅವಸರವಾಗಿ, ಬಾಗಿಲು ಮುಟ್ಟುವಷ್ಟರಲ್ಲಿ ಸೋರಿದರೆ ಮೂತ್ರಕೋಶ ತುಂಬುವ ಮೊದಲೇ ಹಿಂಡಿಕೊಳ್ಳುತ್ತಿದೆ. ಹಲವರಲ್ಲಿ ಎರಡೂ ಬೆರೆತಿರುತ್ತವೆ. ಎಷ್ಟು ಕುಡಿದಿರಿ, ಯಾವಾಗ ಸೋರಿತು ಎಂದು ಮೂರು ದಿನ ಬರೆದಿಟ್ಟುಕೊಂಡು ಹೋದರೆ ವೈದ್ಯರಿಗೆ ದಾರಿ ಸಲೀಸು. ಸೋಂಕು, ಸಕ್ಕರೆ ಕಾಯಿಲೆ ಇದೆಯೇ ಎಂದು ಮೂತ್ರ ಪರೀಕ್ಷೆಯೂ ಆಗಬೇಕು.

ಮೊದಲ ಬಗೆಗೆ ಮೊದಲ ಮದ್ದು ವ್ಯಾಯಾಮ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ಕ್ರಮವಿದು. ಗಾಳಿ ಹೋಗದಂತೆ ತಡೆಯುವಾಗ ಬಿಗಿಯುವ ಸ್ನಾಯುವನ್ನು ಬಿಗಿದು, ಕೆಲವು ಸೆಕೆಂಡ್ ಹಿಡಿದು, ಪೂರ್ತಿ ಸಡಿಲ ಬಿಡಬೇಕು. ಒಮ್ಮೆಗೆ ಕನಿಷ್ಠ 8 ಸಲ, ದಿನಕ್ಕೆ ಮೂರು ಹೊತ್ತು, ಕನಿಷ್ಠ 3 ತಿಂಗಳು. ಹದಿನೈದು ದಿನ ಮಾಡಿ ಕೈಬಿಟ್ಟರೆ ವ್ಯಾಯಾಮವನ್ನು ದೂರುವುದು ನ್ಯಾಯವಲ್ಲ. ಹೊಟ್ಟೆ, ತೊಡೆ ಬಿಗಿಯುವುದನ್ನೇ ವ್ಯಾಯಾಮ ಎಂದುಕೊಳ್ಳುವವರೂ ಉಂಟು. ಫಿಸಿಯೊಥೆರಪಿಸ್ಟ್ ಬಳಿ ಒಮ್ಮೆ ಕಲಿತರೆ ಒಳ್ಳೆಯದು. ಬೊಜ್ಜಿದ್ದವರಿಗೆ ತೂಕ ಇಳಿದಂತೆ ಸೋರಿಕೆಯೂ ಇಳಿಯುತ್ತದೆ.

ಅವಸರದ ಬಗೆಗೆ ಕಾಫಿ, ಟೀ ಕಡಿಮೆ ಮಾಡಿ, ಮೂತ್ರಕ್ಕೆ ಹೋಗುವ ಅಂತರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುವ ಅಭ್ಯಾಸ ಬೇಕು. ಆರು ವಾರವಾದರೂ ಹಿಡಿಯುತ್ತದೆ. ಸಾಲದಿದ್ದರೆ ಸಾಲಿಫೆನಾಸಿನ್‌ನಂಥ ಮಾತ್ರೆಗಳಿವೆ. ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ. ಈ ಗುಂಪಿನ ಮಾತ್ರೆಗಳು ವಯಸ್ಸಾದವರಲ್ಲಿ ಮರೆವು, ಗೊಂದಲ ತರಬಹುದು. ಮಿರಾಬೆಗ್ರಾನ್ ಎಂಬ ಬೇರೆ ಬಗೆಯ ಮಾತ್ರೆಯಲ್ಲಿ ಆ ಕಾಟ ಕಡಿಮೆ, ಆದರೆ ಬಿಪಿ ನೋಡಿಕೊಳ್ಳಬೇಕು. ಮುಟ್ಟು ನಿಂತವರಿಗೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ನೆರವಾಗಬಹುದು. ಯಾವುದಕ್ಕೂ ಬಗ್ಗದ ಅವಸರಕ್ಕೆ ಮೂತ್ರಕೋಶದ ಗೋಡೆಗೆ ಬೊಟಾಕ್ಸ್ ಚುಚ್ಚುತ್ತಾರೆ. ಕೆಲವು ತಿಂಗಳ ನಂತರ ಮತ್ತೆ ಬೇಕಾಗುತ್ತದೆ.

ಶಸ್ತ್ರಚಿಕಿತ್ಸೆ ಮುಖ್ಯವಾಗಿ ಕೆಮ್ಮಿದಾಗಿನ ಸೋರಿಕೆಗೆ. ಮೂತ್ರನಾಳದ ಕೆಳಗೆ ಪಟ್ಟಿಯೊಂದನ್ನು ಕೂರಿಸಿ ಆಸರೆ ಕೊಡುತ್ತಾರೆ. ಪ್ಲಾಸ್ಟಿಕ್ ಜಾಲರಿಯ ಪಟ್ಟಿಯಿಂದ ಅನೇಕರಿಗೆ ಗುಣವಾಗಿದೆ, ಕೆಲವರಿಗೆ ಬಿಡದ ನೋವೂ ಬಂದಿದೆ. ಅದಕ್ಕೇ ಇಂಗ್ಲೆಂಡ್ 2018ರಲ್ಲಿ ಅದರ ಬಳಕೆಗೆ ತಡೆ ಹಾಕಿತು. ದೇಹದ್ದೇ ಅಂಗಾಂಶದಿಂದ ಪಟ್ಟಿ ಮಾಡುವ ವಿಧಾನವೂ ಇದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಯಾವ ಪಟ್ಟಿ ಎಂದು ಕೇಳಿ. ಮುಂದೆ ಮಗು ಬೇಕೆಂದಿದ್ದರೆ ಅದನ್ನೂ ಹೇಳಿ.

ಆದರೆ ಹೆರಿಗೆಯ ಅಥವಾ ಗರ್ಭಕೋಶ ತೆಗೆಸಿದ ನಂತರ ಹಗಲುರಾತ್ರಿ ಎಡೆಬಿಡದೆ ಸೋರತೊಡಗಿದರೆ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತಾಗಿರಬಹುದು. ಅದಕ್ಕೆ ವ್ಯಾಯಾಮ, ಮಾತ್ರೆ ಎಂದು ಕಾಯಬೇಡಿ. ಮೂತ್ರದಲ್ಲಿ ರಕ್ತ ಕಂಡರೂ ಅಷ್ಟೇ, ಕೂಡಲೇ ವೈದ್ಯರನ್ನು ಕಾಣಿ.